ಕಿರುಗುದುರೆಯ ಎಳೆಮರಿಯೂ ಅದರ ಕಾಲುಗಳ ಆರೈಕೆಯೂ

ಕುದುರೆಯ ಯೋಗ್ಯತೆಯೆಲ್ಲವೂ ಅದರ ನಾಲ್ಕು ಕಾಲುಗಳಲ್ಲಿ ಅಡಗಿರುತ್ತದೆ. ಹಸುವಿನ ಕಾಲು ತುಸು ಸೊಟ್ಟಗಿದ್ದರೂ ಅದು ಹಾಲು ಕೊಡುವುದಕ್ಕೆ ಅಡ್ಡಿಯಿಲ್ಲ. ಕುರಿಯು ಕುಂಟಿದರೂ ಉಣ್ಣೆಗೆ ಕೊರತೆಯಿಲ್ಲ. ಕುದುರೆಯಾದರೋ ಚೆನ್ನಾಗಿ ನಿಲ್ಲಲಾರದೆ ಹೋದರೆ ಅದರ ಬಾಳೇ ಕಷ್ಟಕ್ಕೀಡಾಗುತ್ತದೆ. ಒಂದು ಕಾಲು ನೊಂದರೆ ಮಿಕ್ಕ ಕಾಲುಗಳ ಮೇಲೆ ಭಾರ ಹೆಚ್ಚಿ ಅವುಗಳೂ ಕ್ರಮೇಣ ಕೆಡುತ್ತವೆ. ಆದುದರಿಂದ ಮರಿಯು ನೆಲಕ್ಕೆ ಬಿದ್ದೊಡನೆ ಸಾಕುವವರ ದೃಷ್ಟಿಯು ಮೊದಲು ಅದರ ಕಾಲುಗಳ ಕಡೆಗೆ ಹೋಗುವುದು ಸಹಜವೇ ಆಗಿದೆ. ಆದರೆ ಕಾಲು ಡೊಂಕಾಗಿ ಕಂಡ ಗಾಬರಿಯಲ್ಲಿ ಮಾಡತಕ್ಕ ಮೊದಲನೆಯ ಕೆಲಸವನ್ನು ಮರೆತು, ಎರಡನೆಯ ಕೆಲಸಕ್ಕೆ ಕೈಹಾಕಿ ಮರಿಯನ್ನು ಕಳೆದುಕೊಳ್ಳುವುದುಂಟು. ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಎಷ್ಟು ಕಾಲಾವಕಾಶವಿದೆ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಕಿರುಗುದುರೆಯ ವಿಚಾರ

ಕಿರುಗುದುರೆಯೆಂಬುದು ಕುದುರೆಯ ಜಾತಿಯಲ್ಲಿಯೇ ಆಯ್ದು ಆಯ್ದು ಚಿಕ್ಕದಾಗಿ ಬೆಳೆಸಿದ ತಳಿ. ಬ್ರಿಟನ್ನಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಗಿಡ್ಡ ತಟ್ಟುಗಳೂ, ದಕ್ಷಿಣ ಅಮೆರಿಕದ ಅರ್ಜೆಂಟೀನದಲ್ಲಿ ಫಾಲಬೆಲ್ಲ ಮನೆತನದವರು ಬೆಳೆಸಿದ ಅವರ ಹೆಸರಿನದೇ ತಳಿಯೂ ಈ ವರ್ಗದಲ್ಲಿ ಪ್ರಸಿದ್ಧವಾದವು. ಬ್ರಿಟನ್ನಿನಲ್ಲಿ 1842ರ ಶಾಸನವು ಹೆಂಗಸರನ್ನೂ ಹತ್ತು ವರ್ಷಕ್ಕೆ ಕೆಳಗಿನ ಹುಡುಗರನ್ನೂ ಗಣಿಯೊಳಗಿನ ದುಡಿಮೆಯಿಂದ ಬಿಡಿಸಿದ ಮೇಲೆ, ಕಲ್ಲಿದ್ದಲ ಗಾಡಿಗಳನ್ನೆಳೆಯುವುದಕ್ಕೆ ಶೆಟ್ಲೆಂಡ್ ತಟ್ಟುಗಳು ಹೇರಳವಾಗಿ ಬೇಕಾದವು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಕಿರುಗುದುರೆಗಳ ವಂಶಾವಳಿಯನ್ನು ಬರೆದಿಡುವ ಸಂಘವೊಂದು 1978ರಲ್ಲಿ ಏರ್ಪಟ್ಟಿತು. ಕತ್ತಿನ ಕೂದಲು ಮುಗಿಯುವೆಡೆಯಲ್ಲಿ ಅಳೆದರೆ ಎತ್ತರವು 34 ಅಂಗುಲವನ್ನು, ಎಂದರೆ ಸುಮಾರು 86 ಸೆಂಟಿಮೀಟರನ್ನು, ಮೀರಕೂಡದೆಂಬುದು ಆ ಸಂಘದ ನಿಯಮ. ಚಿಕ್ಕ ಬಂಡಿಯನ್ನೆಳೆಯುವುದಕ್ಕೂ, ಮಕ್ಕಳ ಮತ್ತು ರೋಗಿಗಳ ಒಡನಾಟಕ್ಕೂ ಇವುಗಳನ್ನು ಸಾಕುತ್ತಾರೆ.

ನಮ್ಮ ದೇಶದ ಮಣಿಪುರಿ, ಸ್ಪಿತಿ, ಭೂತಿಯಾ ಮೊದಲಾದ ತಟ್ಟುಗಳು ಇಷ್ಟು ಗಿಡ್ಡವಲ್ಲ. ಆದರೂ ಮರಿಯ ಆರೈಕೆಯ ತತ್ತ್ವಗಳು ಎಲ್ಲ ಕುದುರೆಗಳಿಗೂ ಒಂದೇ ಆಗಿರುವುದರಿಂದ, ಇಲ್ಲಿ ಹೇಳುವ ಬಹುಭಾಗವು ತಟ್ಟುಗಳನ್ನು ಸಾಕುವ ನಮ್ಮವರಿಗೂ ಉಪಯೋಗಕ್ಕೆ ಬರತಕ್ಕದ್ದೇ. ಕಿರುಗುದುರೆಯಲ್ಲಿರುವ ವಿಶೇಷವೇನೆಂದರೆ, ಅದರ ಮರಿಯು ಹುಟ್ಟಿದಾಗ ಸುಮಾರು ಹತ್ತು ಕಿಲೋಗ್ರಾಂ ತೂಗುವಷ್ಟು ಸಣ್ಣದು. ದೊಡ್ಡ ಕುದುರೆಯ ಮರಿಯು ಐವತ್ತು ಕಿಲೋಗ್ರಾಮಿನಷ್ಟಿರುತ್ತದೆ. ದೇಹವು ಚಿಕ್ಕದಾದಷ್ಟೂ ಅದರಲ್ಲಿ ಕೂಡಿಟ್ಟ ಬಲವೂ ಕಡಿಮೆ. ಹಸಿವು, ಚಳಿ, ಔಷಧದ ಅಳತೆಯ ತಪ್ಪು, ಇವುಗಳನ್ನು ಅದು ಬಹು ಹೊತ್ತು ತಡೆಯಲಾರದು.

ಈಯುವುದಕ್ಕೆ ಮುಂಚೆ

ಕುದುರೆಯ ಗಬ್ಬದ ಕಾಲವು ಸುಮಾರು ಹನ್ನೊಂದು ತಿಂಗಳು. ದಿನ ಸಮೀಪಿಸಿದಾಗ ಕೆಚ್ಚಲು ಬಿಗಿದು, ಮೊಲೆತೊಟ್ಟಿನ ತುದಿಯಲ್ಲಿ ಮೇಣದಂತಹ ಹನಿಗಳು ಕಾಣಿಸಿಕೊಳ್ಳುತ್ತವೆ. ಲಾಯವನ್ನು ಆ ವೇಳೆಗೆ ತೊಳೆದು ಒಣಗಿಸಿ, ನೆಲವು ಜಾರದಂತೆ ಒಣಹುಲ್ಲನ್ನು ದಪ್ಪವಾಗಿ ಹಾಸಿರತಕ್ಕದ್ದು. ನುಣುಪಾದ ಕಲ್ಲುಹಾಸಿನ ಮೇಲೆ ಜಾರಿ ಜಾರಿ ಏಳುವ ಮರಿಯ ಕಾಲಿಗೆ, ಇಲ್ಲದ ದೋಷವೂ ಬಂದು ಸೇರುತ್ತದೆ.

ಕಿರುಗುದುರೆಯ ಮರಿಗೆ ದೇಹಕ್ಕಿಂತ ತಲೆಯು ಪ್ರಮಾಣದಲ್ಲಿ ದೊಡ್ಡದು. ಆದುದರಿಂದ ಈ ಜಾತಿಯಲ್ಲಿ ಹೆರಿಗೆಯ ತೊಡಕು ದೊಡ್ಡ ಕುದುರೆಗಳಿಗಿಂತ ಹೆಚ್ಚು. ನೀರುಚೀಲವು ಒಡೆದ ಅರ್ಧ ಘಂಟೆಯೊಳಗೆ ಮರಿಯು ಹೊರಬರಬೇಕು. ಇಪ್ಪತ್ತು ನಿಮಿಷ ಕಳೆದರೂ ಹೆರಿಗೆಯು ಮುಂದುವರಿಯದಿದ್ದರೆ ಪಶುವೈದ್ಯರಿಗೆ ಹೇಳಿಕಳುಹಿಸುವುದಕ್ಕೆ ಸ್ವಲ್ಪವೂ ತಡಮಾಡಕೂಡದು. ಬಿಳಿಯ ಪೊರೆಗೆ ಬದಲಾಗಿ ಕೆಂಪು ಮಖಮಲ್ಲಿನಂತಹ ಚೀಲವು ಮೊದಲು ಕಾಣಿಸಿಕೊಂಡರೆ ಮಾಸು ಮುಂಚಿತವಾಗಿಯೇ ಬಿಟ್ಟುಕೊಂಡು ಮರಿಗೆ ಉಸಿರು ಸಾಲದಾಗಿದೆಯೆಂದು ತಿಳಿಯಬೇಕು. ಅಂತಹ ಸಮಯದಲ್ಲಿ ವೈದ್ಯರನ್ನು ಕಾಯದೆ ಆ ಚೀಲವನ್ನು ಆಗಲೇ ಹರಿದು ಮರಿಯನ್ನು ಹೊರತೆಗೆಯುವುದಕ್ಕೆ ನೆರವಾಗಬೇಕು.

ಮೊದಲು ಹಾಲು, ಆಮೇಲೆ ಕಾಲು

ಆರೋಗ್ಯವಂತ ಮರಿಯು ಹುಟ್ಟಿದ ಒಂದು ಘಂಟೆಯೊಳಗೆ ಎದ್ದು ನಿಲ್ಲುತ್ತದೆ. ಎರಡು ಘಂಟೆಯೊಳಗೆ ಮೊಲೆ ಹಿಡಿಯುತ್ತದೆ. ಮೂರು ಘಂಟೆಯೊಳಗೆ ತಾಯಿಯ ಮಾಸು ಬೀಳುತ್ತದೆ. ಒಂದು, ಎರಡು, ಮೂರು ಎಂಬ ಈ ಲೆಕ್ಕವನ್ನು ಲಾಯದ ಆಳುಗಳೂ ಬಾಯಿಪಾಠ ಮಾಡಿಕೊಂಡಿರುವುದು ಒಳ್ಳೆಯದು.

ಮನುಷ್ಯರ ಶಿಶುವು ರೋಗವನ್ನು ತಡೆಯುವ ಶಕ್ತಿಯ ಒಂದಂಶವನ್ನು ತಾಯಿಯ ಗರ್ಭದಲ್ಲಿಯೇ ಪಡೆದುಕೊಂಡು ಬರುತ್ತದೆ. ಕುದುರೆಯ ಮರಿಗೆ ಆ ಭಾಗ್ಯವಿಲ್ಲ. ಕುದುರೆಯ ಮಾಸಿನ ರಚನೆಯು ಆ ರಕ್ಷಕ ದ್ರವ್ಯಗಳನ್ನು ತಾಯಿಯ ರಕ್ತದಿಂದ ಮರಿಗೆ ದಾಟಗೊಡುವುದಿಲ್ಲ. ಅವೆಲ್ಲವೂ ಗಿಣ್ಣುಹಾಲಿನಲ್ಲಿಯೇ ಬರಬೇಕು. ಆ ದ್ರವ್ಯಗಳನ್ನು ಹಾಗೆಹಾಗೆಯೇ ಹೀರಿಕೊಳ್ಳುವ ಶಕ್ತಿಯು ಮರಿಯ ಕರುಳಿಗೆ ಮೊದಲ ಆರೆಂಟು ಘಂಟೆಗಳಲ್ಲಿ ಚೆನ್ನಾಗಿದ್ದು, ಹನ್ನೆರಡು ಘಂಟೆಯ ವೇಳೆಗೆ ಬಹಳ ತಗ್ಗಿ, ಇಪ್ಪತ್ತನಾಲ್ಕು ಘಂಟೆಯ ಹೊತ್ತಿಗೆ ಮುಗಿದುಹೋಗುತ್ತದೆ. ಆ ಬಾಗಿಲು ಒಮ್ಮೆ ಮುಚ್ಚಿದರೆ, ಮರುದಿನ ಎಷ್ಟು ಗಿಣ್ಣುಹಾಲು ಕುಡಿಸಿದರೂ ಅದು ಹೊಟ್ಟೆಗೆ ಆಹಾರವಾಗುವುದೇ ಹೊರತು ರಕ್ತಕ್ಕೆ ರಕ್ಷಣೆಯಾಗುವುದಿಲ್ಲ.

ಕಾಲಿನ ದೋಷವುಳ್ಳ ಮರಿಯ ನಿಜವಾದ ಅಪಾಯವು ಇಲ್ಲಿಯೇ ಇದೆ. ಅದು ನಿಲ್ಲಲಾರದು, ನಿಲ್ಲಲಾರದ್ದರಿಂದ ಮೊಲೆಯನ್ನು ಮುಟ್ಟಲಾರದು, ಮುಟ್ಟಲಾರದ್ದರಿಂದ ಗಿಣ್ಣುಹಾಲಿನ ವೇಳೆಯು ಮೀರಿಹೋಗುತ್ತದೆ. ಕಾಲಿನ ದೋಷಕ್ಕೆ ಮದ್ದು ಮಾಡುವುದಕ್ಕೆ ದಿನಗಳೂ ವಾರಗಳೂ ಉಂಟು. ಗಿಣ್ಣುಹಾಲಿಗೆ ಇರುವುದು ಕೆಲವೇ ಘಂಟೆಗಳು. ಆದುದರಿಂದ ಮೊದಲು ಹಾಲು, ಆಮೇಲೆ ಕಾಲು ಎಂಬುದೇ ನಿಯಮವಾಗಿರತಕ್ಕದ್ದು.

ಏಳಲಾರದ ಮರಿಯನ್ನು ಒಂದು ತೋಳಿನಿಂದ ಎದೆಯ ಮುಂದೆಯೂ ಇನ್ನೊಂದು ತೋಳಿನಿಂದ ತೊಡೆಗಳ ಹಿಂದೆಯೂ ಬಳಸಿ ಎತ್ತಿ, ಮೊಲೆಯ ಬಳಿ ಹಿಡಿಯಬೇಕು. ಹೊಟ್ಟೆಯ ಕೆಳಗೆ ಒತ್ತಿ ಎತ್ತುವುದೂ, ಕಾಲು ಹಿಡಿದು ಎಳೆಯುವುದೂ ಕೂಡದು. ಹಿಡಿದು ನಿಲ್ಲಿಸಿದರೂ ಮೊಲೆ ಹಿಡಿಯಲಾರದಾದರೆ, ಹಾಲನ್ನು ಶುಚಿಯಾದ ಪಾತ್ರೆಗೆ ಕರೆದು, ಚೀಪುವ ಶಕ್ತಿಯಿದ್ದಲ್ಲಿ ತೊಟ್ಟಿರುವ ಶೀಸೆಯಿಂದ ಸ್ವಲ್ಪ ಸ್ವಲ್ಪವಾಗಿ ಅನೇಕ ಸಲ ಕುಡಿಸಬೇಕು. ಮೊದಲ ಕೆಲವು ಘಂಟೆಗಳಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 20ರಿಂದ 40 ಮಿಲಿಲೀಟರು ಒಳ್ಳೆಯ ಗಿಣ್ಣುಹಾಲು ಒಳಗೆ ಹೋಗಬೇಕು. ಹತ್ತು ಕಿಲೋಗ್ರಾಮಿನ ಮರಿಗೆ ಇದು 200ರಿಂದ 400 ಮಿಲಿಲೀಟರು ಆಗುತ್ತದೆ. ಚೀಪುವ ಶಕ್ತಿಯೇ ಇಲ್ಲದ ಮರಿಯ ಬಾಯಿಗೆ ಹಾಲನ್ನು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂತಹ ಮರಿಗೆ ಪಶುವೈದ್ಯರು ಮೂಗಿನ ಮೂಲಕ ನಳಿಗೆಯನ್ನಿಳಿಸಿ ಹೊಟ್ಟೆಗೆ ಹಾಲನ್ನು ಸೇರಿಸುತ್ತಾರೆ.

ಹದಿನೆಂಟರಿಂದ ಇಪ್ಪತ್ತನಾಲ್ಕು ಘಂಟೆಗಳಾದ ಮೇಲೆ ಮರಿಯ ರಕ್ತವನ್ನು ಪರೀಕ್ಷೆ ಮಾಡಿಸತಕ್ಕದ್ದು. ರಕ್ಷಕ ದ್ರವ್ಯವು ಒಂದು ಡೆಸಿಲೀಟರಿಗೆ 800 ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ತೃಪ್ತಿಕರ. 400ಕ್ಕಿಂತ ಕಡಿಮೆಯಿದ್ದರೆ ಮರಿಯು ರಕ್ಷಣೆಯಿಲ್ಲದೆ ಇದೆಯೆಂದರ್ಥ. ಆಗ ಬೇರೆ ಕುದುರೆಯ ರಕ್ತದಿಂದ ತೆಗೆದ ಪ್ಲಾಸ್ಮವನ್ನು ರಕ್ತನಾಳದ ಮೂಲಕ ಕೊಡುವುದೊಂದೇ ದಾರಿ. ಹೊಕ್ಕುಳನ್ನು ವೈದ್ಯರು ಹೇಳಿದ ಕ್ರಿಮಿನಾಶಕ ದ್ರಾವಣದಲ್ಲಿ ದಿನಕ್ಕೆ ಎರಡು ಮೂರು ಸಲ ಅದ್ದುವುದನ್ನೂ, ಮರಿಯು ಮೊದಲ ಕಪ್ಪುಮಲವನ್ನು ಒಂದು ದಿನದೊಳಗೆ ವಿಸರ್ಜಿಸಿತೇ ಎಂಬುದನ್ನು ನೋಡುವುದನ್ನೂ ಮರೆಯಬಾರದು.

ಕಾಲುಗಳ ದೋಷಗಳು

ಹಾಲಿನ ವ್ಯವಸ್ಥೆಯಾದ ಮೇಲೆ ಮರಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಮುಂದಿನಿಂದಲೂ, ಪಕ್ಕದಿಂದಲೂ, ಹಿಂದಿನಿಂದಲೂ ನೋಡಬೇಕು. ಎಳೆಮರಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷಗಳು ನಾಲ್ಕು ಬಗೆಯವು. ಅವುಗಳ ಚಿಕಿತ್ಸೆಯು ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಬಗೆಯನ್ನು ಗುರುತಿಸದೆ ಕಟ್ಟು ಕಟ್ಟುವುದು ಅಪಾಯಕರ.

1. ಸಡಿಲಗಾಲು. ಕಾಲಿನ ಹಿಂಭಾಗದ ಸ್ನಾಯುರಜ್ಜುಗಳು ಬಿಗಿಯಿಲ್ಲದೆ, ಗೊರಸಿನ ಮೇಲಣ ಕೀಲು ನೆಲದ ಕಡೆಗೆ ಕುಸಿದು, ಗೊರಸಿನ ತುದಿಯು ಮೇಲಕ್ಕೆದ್ದು, ಮರಿಯು ಹಿಮ್ಮಡಿಯ ಮೇಲೆ ನಡೆಯುತ್ತದೆ. ಇದು ಹಿಂಗಾಲುಗಳಲ್ಲಿ ಹೆಚ್ಚು. ನೋಡುವುದಕ್ಕೆ ಭಯಂಕರವಾಗಿ ಕಂಡರೂ ಬಹುಮಟ್ಟಿಗೆ ಒಂದೆರಡು ವಾರಗಳಲ್ಲಿ ತಾನಾಗಿ ನೆಟ್ಟಗಾಗುವ ದೋಷವಿದು. ಇದಕ್ಕೆ ಮದ್ದು ಮಿತವಾದ ನಡಿಗೆ. ದಿನಕ್ಕೆ ಕೆಲವು ಸಲ, ಒಂದೊಂದು ಸಲಕ್ಕೆ ಹತ್ತು ಹದಿನೈದು ನಿಮಿಷ, ತಾಯಿಯೊಡನೆ ಚಿಕ್ಕ ಆವರಣದಲ್ಲಿ ಬಿಟ್ಟರೆ ಸಾಕು. ದಪ್ಪನಾದ ಕಟ್ಟನ್ನು ಕಟ್ಟಿದರೆ ರಜ್ಜುಗಳು ಕೆಲಸವಿಲ್ಲದೆ ಇನ್ನಷ್ಟು ಸಡಿಲವಾಗುತ್ತವೆ. ಹಿಮ್ಮಡಿಯು ಉಜ್ಜಿ ಗಾಯವಾಗದಂತೆ ತೆಳುವಾದ ಬಟ್ಟೆಯನ್ನು ಮಾತ್ರ ಸುತ್ತಬಹುದು. ವಾರ ಕಳೆದರೂ ಗುಣ ಕಾಣದಿದ್ದರೆ ವೈದ್ಯರು ಗೊರಸಿನಡಿ ಹಿಂದಕ್ಕೆ ಚಾಚಿದ ಹಗುರವಾದ ಪಟ್ಟಿಯನ್ನು ಅಂಟಿಸುತ್ತಾರೆ.

2. ಸೆಳೆತಗಾಲು. ಇದು ಮೇಲಿನದಕ್ಕೆ ತದ್ವಿರುದ್ಧ. ರಜ್ಜುಗಳು ಬಿಗಿಯಾಗಿ, ಕೀಲು ಮುಂದಕ್ಕೆ ಬಾಗಿ, ಮರಿಯು ಗೊರಸಿನ ತುದಿಯ ಮೇಲೆ ನಿಲ್ಲುತ್ತದೆ. ಹೆಚ್ಚಾಗಿದ್ದರೆ ನಿಲ್ಲುವುದಕ್ಕೇ ಆಗುವುದಿಲ್ಲ. ಅಲ್ಪವಾದ ಸೆಳೆತವು ನಡಿಗೆಯಿಂದಲೂ, ಕೈಯಿಂದ ಮೆಲ್ಲಗೆ ನೀಡಿ ಬಿಡುವುದರಿಂದಲೂ ಹೋಗುತ್ತದೆ. ಹೆಚ್ಚಾದುದಕ್ಕೆ ಹತ್ತಿಯನ್ನು ದಪ್ಪವಾಗಿ ಸುತ್ತಿ, ಅದರ ಮೇಲೆ ಪಿ.ವಿ.ಸಿ. ಕೊಳವೆಯನ್ನು ಉದ್ದಕ್ಕೆ ಸೀಳಿದ ದಬ್ಬೆಯನ್ನಿಟ್ಟು ಕಟ್ಟುತ್ತಾರೆ. ಈ ಕಟ್ಟನ್ನು ಪ್ರತಿದಿನವೂ ತಪ್ಪದೆ ಬಿಚ್ಚಿ ಚರ್ಮವನ್ನು ನೋಡಬೇಕು. ಎಳೆಮರಿಯ ಚರ್ಮವು ಕಾಗದದಷ್ಟು ತೆಳು. ಒಂದು ರಾತ್ರಿಯ ಒತ್ತಡದಿಂದಲೇ ಹುಣ್ಣು ಬೀಳಬಹುದು. ಮೊದಲ ದಿನಗಳಲ್ಲಿ ಆಕ್ಸಿಟೆಟ್ರಾಸೈಕ್ಲೀನ್ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಬಿಗಿತವನ್ನು ಸಡಿಲಿಸುವ ಪದ್ಧತಿಯೂ ಇದೆ. ಆದರೆ ಅದು ಮೂತ್ರಪಿಂಡಗಳಿಗೆ ಕೇಡುಮಾಡಬಲ್ಲುದು. ಹಾಲು ಸಾಲದೆ ಬಾಡಿದ ಮರಿಯಲ್ಲಿ ಈ ಅಪಾಯವು ಹೆಚ್ಚು. ದೊಡ್ಡ ಮರಿಯ ಅಳತೆಯನ್ನು ಹತ್ತು ಕಿಲೋಗ್ರಾಮಿನ ಮರಿಗೆ ಕೊಟ್ಟರೆ ಅನರ್ಥವೇ ಸರಿ. ಆದುದರಿಂದ ಮರಿಯನ್ನು ತಕ್ಕಡಿಯಲ್ಲಿ ತೂಗಿ, ತೂಕವನ್ನು ವೈದ್ಯರಿಗೆ ತಿಳಿಸತಕ್ಕದ್ದು.

3. ಸೊಟ್ಟಗಾಲು. ಮುಂದಿನಿಂದ ನೋಡಿದಾಗ ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಕ್ಕೆ ಬಾಗಿ, ಕೆಳಗಿನ ಭಾಗವು ಹೊರಕ್ಕೆ ಹೋಗಿರುವುದೂ, ಇಲ್ಲವೆ ಇದಕ್ಕೆ ವಿಪರೀತವಾಗಿ ಕಾಲು ಬಿಲ್ಲಿನಂತೆ ಹೊರಬಾಗಿರುವುದೂ ಉಂಟು. ಮುಂಗಾಲಿನ ಮಂಡಿಯು ತುಸು ಒಳಕ್ಕೆ ಬಾಗಿರುವುದು ಎಳೆಮರಿಗೆ ಸಹಜ. ಎದೆಯು ಅಗಲವಾದಂತೆ ಅದು ನೆಟ್ಟಗಾಗುತ್ತದೆ. ಹೆಚ್ಚಿದ್ದರೆ ಎಲುಬಿನ ತುದಿಯ ಬೆಳೆಯುವ ಪದರದಲ್ಲಿ ಒಂದು ಪಕ್ಕವು ಇನ್ನೊಂದಕ್ಕಿಂತ ಬೇಗ ಬೆಳೆಯುತ್ತಿದೆಯೆಂದು ತಿಳಿಯಬೇಕು. ಗೊರಸನ್ನು ಕ್ರಮವರಿತು ಹೆರೆಯುವುದು, ಗೊರಸಿನ ಪಕ್ಕಕ್ಕೆ ಪಟ್ಟಿಯನ್ನಂಟಿಸುವುದು, ಕೊನೆಗೆ ಶಸ್ತ್ರಕ್ರಿಯೆಯಿಂದ ಬೇಗ ಬೆಳೆಯುವ ಪಕ್ಕವನ್ನು ಕೆಲಕಾಲ ತಡೆಯುವುದು, ಇವು ಇದರ ಉಪಾಯಗಳು. ಇಲ್ಲಿ ಕಾಲಾವಕಾಶವನ್ನು ಚೆನ್ನಾಗಿ ನೆನಪಿಡಬೇಕು. ಗೊರಸಿನ ಮೇಲಣ ಕೀಲಿನ ಬಳಿಯ ಎಲುಬು ಮೊದಲ ಮೂರು ತಿಂಗಳಲ್ಲಿಯೇ ತನ್ನ ಬೆಳವಣಿಗೆಯ ಬಹುಭಾಗವನ್ನು ಮುಗಿಸುವುದರಿಂದ, ಅಲ್ಲಿಯ ಸೊಟ್ಟನ್ನು ಎರಡು ತಿಂಗಳೊಳಗಾಗಿ ತಿದ್ದಬೇಕು. ಮಂಡಿಯ ಬಳಿ ಬೆಳವಣಿಗೆಯು ಹೆಚ್ಚು ಕಾಲ ನಡೆಯುವುದರಿಂದ ಅಲ್ಲಿ ಇನ್ನೂ ಕೆಲವು ತಿಂಗಳ ಅವಕಾಶವಿದೆ. ಮುಂದೆ ನೋಡೋಣವೆಂದು ವರ್ಷ ಕಳೆದರೆ, ತಿದ್ದುವುದಕ್ಕೆ ಬೆಳವಣಿಗೆಯೇ ಉಳಿದಿರುವುದಿಲ್ಲ.

4. ಬಲಿಯದ ಎಲುಬು. ಮುಂಗಾಲಿನ ಮಂಡಿಯಲ್ಲಿಯೂ ಹಿಂಗಾಲಿನ ಮಡಚುಕೀಲಿನಲ್ಲಿಯೂ ಸಣ್ಣ ಸಣ್ಣ ಚೌಕನೆಯ ಎಲುಬುಗಳು ಸಾಲಾಗಿ ಕೂಡಿರುತ್ತವೆ. ಇವು ಗಬ್ಬದ ಕಡೆಯ ದಿನಗಳಲ್ಲಿ ಮೃದ್ವಸ್ಥಿಯಿಂದ ಗಟ್ಟಿಯೆಲುಬಾಗಿ ಬಲಿಯುತ್ತವೆ. ದಿನ ತುಂಬುವ ಮೊದಲೇ ಹುಟ್ಟಿದ, ಅಥವಾ ದಿನ ತುಂಬಿದರೂ ಬಲಿಯದೆ ಹುಟ್ಟಿದ ಮರಿಯಲ್ಲಿ ಇವು ಮೆತ್ತಗಿರುತ್ತವೆ. ಇಂತಹ ಮರಿಯ ಕೂದಲು ರೇಷ್ಮೆಯಂತೆ ನವುರಾಗಿಯೂ ಕಿವಿಗಳು ಜೋತುಬಿದ್ದೂ ಇರುವುದು ಸಾಮಾನ್ಯ. ಅದು ನಿಂತು ಓಡಾಡಿದಂತೆಲ್ಲ ದೇಹದ ಭಾರಕ್ಕೆ ಆ ಎಲುಬುಗಳು ಜಜ್ಜಿ ಬೆಣೆಯಾಕಾರವಾಗುತ್ತವೆ. ಒಮ್ಮೆ ಜಜ್ಜಿದುದು ಮತ್ತೆ ಸರಿಯಾಗದು. ಇದಕ್ಕೆ ಮದ್ದು ವಿಶ್ರಾಂತಿ. ಮರಿಯನ್ನು ಲಾಯದಲ್ಲಿಯೇ ಇಟ್ಟು, ಹಾಲು ಕುಡಿಯುವಷ್ಟು ಹೊತ್ತು ಮಾತ್ರ ನಿಲ್ಲಿಸಿ, ವೈದ್ಯರ ಸಲಹೆಯಂತೆ ದಬ್ಬೆಕಟ್ಟು ಕಟ್ಟಿ, ಸುಮಾರು ಎರಡು ವಾರಕ್ಕೊಮ್ಮೆ ಕ್ಷಕಿರಣದ ಚಿತ್ರ ತೆಗೆಸಿ, ಎಲುಬು ಬಲಿತ ಮೇಲೆಯೇ ಹೊರಗೆ ಬಿಡತಕ್ಕದ್ದು.

ಮೂರನೆಯ ಮತ್ತು ನಾಲ್ಕನೆಯ ದೋಷಗಳು ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣಬಹುದೆಂಬುದನ್ನು ಗಮನಿಸಬೇಕು. ಸೊಟ್ಟಗಿರುವ ಕಾಲನ್ನು ಕೈಯಿಂದ ಮೆಲ್ಲಗೆ ಒತ್ತಿದಾಗ ಅದು ನೆಟ್ಟಗಾಗುವುದಾದರೆ, ದೋಷವು ಕಟ್ಟುನರಗಳ ಸಡಿಲದಲ್ಲಿಯೋ ಬಲಿಯದ ಎಲುಬಿನಲ್ಲಿಯೋ ಇದೆ. ನೆಟ್ಟಗಾಗದಿದ್ದರೆ ಬೆಳೆಯುವ ಪದರದಲ್ಲಿಯೋ ಎಲುಬಿನಲ್ಲಿಯೋ ಇದೆ. ಇದು ಸೂಚನೆ ಮಾತ್ರ. ನಿರ್ಣಯವು ಕ್ಷಕಿರಣದ ಚಿತ್ರದಿಂದಲೇ ಆಗಬೇಕು. ಸಡಿಲಗಾಲಿಗೆ ನಡಿಗೆಯೇ ಮದ್ದು, ಬಲಿಯದ ಎಲುಬಿಗೆ ನಡಿಗೆಯೇ ವಿಷ. ಒಂದೇ ಮರಿಯಲ್ಲಿ ಎರಡೂ ಸೇರಿರುವುದೂ ಉಂಟು. ಚಿತ್ರವಿಲ್ಲದೆ ಚಿಕಿತ್ಸೆ ಮಾಡುವುದು ಕತ್ತಲೆಯಲ್ಲಿ ಬಾವಿಯ ದಂಡೆಯ ಮೇಲೆ ನಡೆದಂತೆ.

ಕೀಲುಬಾವು

ಮೊದಲ ದಿನಗಳಲ್ಲಿ ಚೆನ್ನಾಗಿ ನಡೆಯುತ್ತಿದ್ದ ಮರಿಯು ಇದ್ದಕ್ಕಿದ್ದಂತೆ ಕುಂಟತೊಡಗಿದರೆ, ತಾಯಿಯು ತುಳಿದಿರಬೇಕೆಂದು ಸಾಕುವವರು ಸಾಮಾನ್ಯವಾಗಿ ಹೇಳುತ್ತಾರೆ. ಈ ಊಹೆಯಿಂದ ಅನೇಕ ಮರಿಗಳಿಗೆ ಹಾನಿಯಾಗಿದೆ. ಗಿಣ್ಣುಹಾಲು ಸಾಲದ ಮರಿಯಲ್ಲಿ ಕ್ರಿಮಿಗಳು ಹೊಕ್ಕುಳಿನಿಂದಲೋ ಬಾಯಿಯಿಂದಲೋ ರಕ್ತಕ್ಕೆ ಸೇರಿ ಕೀಲುಗಳಲ್ಲಿ ನೆಲೆಸುತ್ತವೆ. ಕೀಲು ಊದಿ ಬಿಸಿಯಾಗುವುದು, ಮುಟ್ಟಿದರೆ ನೋವಾಗುವುದು, ಮರಿಯು ಮಂಕಾಗಿ ಮೊಲೆಯನ್ನು ಬಿಡುವುದು ಇದರ ಲಕ್ಷಣಗಳು. ಜ್ವರವು ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು. ಕೀಲಿನ ನುಣುಪಾದ ಹೊದಿಕೆಯು ಕೆಲವೇ ದಿನಗಳಲ್ಲಿ ನಾಶವಾಗುವುದರಿಂದ ಅದೇ ದಿನ ವೈದ್ಯರಿಗೆ ತೋರಿಸಬೇಕು. ಹಾಲು ತಪ್ಪಿದರೆ ಕಾಲೂ ತಪ್ಪುತ್ತದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ವಂಶದಿಂದ ಬರುವ ದೋಷಗಳು

ಕಿರುಗುದುರೆಗಳಲ್ಲಿ ಕುಳ್ಳುತನದ ರೋಗವೊಂದುಂಟು. ಮೃದ್ವಸ್ಥಿಯ ಒಂದು ಮುಖ್ಯ ದ್ರವ್ಯವಾದ ಅಗ್ರಿಕಾನನ್ನು ನಿಯಂತ್ರಿಸುವ ಜೀನಿನಲ್ಲಿಯ ದೋಷವು ಇದಕ್ಕೆ ಕಾರಣವೆಂದು ತಿಳಿದುಬಂದಿದೆ. ದೋಷವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಮರಿಗೆ ಕಾಲುಗಳು ಡೊಂಕಾಗಿ, ತಲೆಯು ದೊಡ್ಡದಾಗಿ, ಕತ್ತು ಮೊಟಕಾಗಿ, ಕೆಳದವಡೆಯು ಮುಂಚಾಚಿರುತ್ತದೆ. ಇಂತಹ ಕಾಲನ್ನು ಕಟ್ಟಿನಿಂದ ಪೂರ್ತಿಯಾಗಿ ತಿದ್ದಲಾಗದು. ಒಬ್ಬರಿಂದ ಮಾತ್ರ ಪಡೆದ ಕುದುರೆಯು ನೋಡುವುದಕ್ಕೆ ನಿರ್ದುಷ್ಟವಾಗಿಯೇ ಇರುವುದರಿಂದ, ಕೂಡಿಸುವ ಮೊದಲು ಗಂಡುಹೆಣ್ಣುಗಳೆರಡನ್ನೂ ಪರೀಕ್ಷೆ ಮಾಡಿಸುವುದೇ ವಿವೇಕ. ಹಿಂಗಾಲಿನ ಮಂಡಿಚಿಪ್ಪು ಜಾರುವ ದೋಷವೂ ಈ ಜಾತಿಯಲ್ಲಿ ಕಾಣುತ್ತದೆ. ಅಂತಹ ಮರಿಯು ಹಿಂಭಾಗವನ್ನು ಕುಗ್ಗಿಸಿ ಕುಳಿತಂತೆ ನಿಲ್ಲುತ್ತದೆ. ಶಸ್ತ್ರಕ್ರಿಯೆಯಿಂದ ಅದು ಗುಣಹೊಂದಿದರೂ ಅದನ್ನು ತಳಿಗೆ ಉಪಯೋಗಿಸಕೂಡದು.

ಒಂದು ದೃಷ್ಟಾಂತ

ಬೆಳಗಿನ ನಾಲ್ಕು ಘಂಟೆಗೆ ಒಂದು ಮರಿ ಹುಟ್ಟಿತೆಂದೂ, ಅದರ ಎರಡು ಮುಂಗಾಲುಗಳೂ ಸೆಳೆದುಕೊಂಡು ಏಳಲಾರದೆ ಇದೆಯೆಂದೂ ಭಾವಿಸೋಣ. ಒಬ್ಬ ಯಜಮಾನನು ಬಿದಿರ ದಬ್ಬೆಗಳನ್ನು ತರಿಸಿ, ಹಗ್ಗದಿಂದ ಬಿಗಿದು, ನಿಲ್ಲಿಸುವುದಕ್ಕೆ ಬೆಳಗಿನವರೆಗೂ ಶ್ರಮಪಡುತ್ತಾನೆ. ಹತ್ತು ಘಂಟೆಗೆ ನೋಡಿದರೆ ಮರಿಯು ಬಳಲಿ ಮಲಗಿದೆ. ಹೊಟ್ಟೆಗೆ ತೊಟ್ಟು ಹಾಲೂ ಹೋಗಿಲ್ಲ. ಹಗ್ಗದ ಅಡಿಯಲ್ಲಿ ಚರ್ಮವು ಸುಲಿದಿದೆ. ನಾಲ್ಕನೆಯ ದಿನ ಕೀಲು ಊದುತ್ತದೆ. ಸೆಳೆತವು ಅಲ್ಪವೇ ಆಗಿದ್ದರೂ ಮರಿಯು ಉಳಿಯುವುದು ಸಂಶಯ.

ಇನ್ನೊಬ್ಬ ಯಜಮಾನನು ಕಾಲನ್ನು ಮುಟ್ಟುವುದಿಲ್ಲ. ಮರಿಯನ್ನು ಒರಸಿ, ಬೆಚ್ಚಗಿಟ್ಟು, ಮನೆಯವರ ನೆರವಿನಿಂದ ಎತ್ತಿ ಹಿಡಿದು, ಐದು ಘಂಟೆಯೊಳಗಾಗಿ ಮೊಲೆಗೆ ಹಚ್ಚುತ್ತಾನೆ; ಮುಂದೆ ಘಂಟೆಗೊಮ್ಮೆಯಾದರೂ ಹಾಗೆಯೇ ಕುಡಿಸುತ್ತಾನೆ. ಮರಿಯನ್ನು ತೂಗಿ, ಹುಟ್ಟಿದ ವೇಳೆಯನ್ನೂ ಹಾಲು ಕುಡಿದ ವೇಳೆಗಳನ್ನೂ ಒಂದು ಚೀಟಿಯಲ್ಲಿ ಬರೆದಿಡುತ್ತಾನೆ. ಒಂಬತ್ತು ಘಂಟೆಗೆ ಬಂದ ವೈದ್ಯರು ಚೀಟಿಯನ್ನು ಓದಿ, ಚಿತ್ರ ತೆಗೆದು, ಎಲುಬು ಬಲಿತಿದೆಯೆಂದು ನಿಶ್ಚಯಿಸಿ, ತೂಕಕ್ಕೆ ತಕ್ಕ ಔಷಧವನ್ನು ಕೊಟ್ಟು ಮೆತ್ತನೆಯ ದಬ್ಬೆಕಟ್ಟು ಕಟ್ಟುತ್ತಾರೆ. ಮರುದಿನದ ರಕ್ತಪರೀಕ್ಷೆಯು ತೃಪ್ತಿಕರವಾಗಿರುತ್ತದೆ. ವಾರದೊಳಗೆ ಗೊರಸು ನೆಲವನ್ನು ಸಮನಾಗಿ ಮುಟ್ಟುವ ಸಂಭವವು ಹೆಚ್ಚು. ಇಬ್ಬರ ಮರಿಗಳಿಗೂ ಇದ್ದ ಕಾಲಿನ ದೋಷವು ಒಂದೇ. ಮೊದಲ ಕೆಲವು ಘಂಟೆಗಳನ್ನು ಉಪಯೋಗಿಸಿದ ಕ್ರಮವೇ ಬೇರೆ.

ತಾಯಿಯ ಪೋಷಣೆ

ಮರಿಯ ಗಡಿಬಿಡಿಯಲ್ಲಿ ತಾಯಿಯನ್ನು ಮರೆಯಬಾರದು. ಕಿರುಗುದುರೆಯೂ ತಟ್ಟುವೂ ಮೇವು ಬಿಟ್ಟರೆ ದೇಹದ ಕೊಬ್ಬು ಒಮ್ಮೆಗೇ ಕರಗಿ ರಕ್ತದಲ್ಲಿ ತುಂಬಿ, ಪ್ರಾಣಾಪಾಯವಾಗುವುದುಂಟು. ಹಾಲೂಡಿಸುವ ಕುದುರೆಯು ಮೈ ತುಂಬಿಕೊಂಡಿದ್ದರೂ ಅದನ್ನು ಉಪವಾಸ ಕೆಡವಕೂಡದು. ಒಂದು ದಿನ ಮೇವು ಮುಟ್ಟದಿದ್ದರೂ ವೈದ್ಯರಿಗೆ ತಿಳಿಸಬೇಕು. ಮಾಸು ಮೂರು ಘಂಟೆಯೊಳಗೆ ಬೀಳದಿದ್ದರೆ ಎಳೆಯದೆ, ಭಾರ ಕಟ್ಟದೆ, ವೈದ್ಯರನ್ನು ಕರೆಸತಕ್ಕದ್ದು. ನೋಡುವುದಕ್ಕೆ ಬರುವ ನೆರೆಹೊರೆಯವರ ಗುಂಪನ್ನು ಎರಡು ದಿನ ದೂರವಿಟ್ಟರೆ ತಾಯಿಮರಿಗಳು ಒಂದನ್ನೊಂದು ಗುರುತುಹಿಡಿಯುವುದಕ್ಕೆ ಅನುಕೂಲವಾಗುತ್ತದೆ.

ಸಾರಾಂಶ

(1) ಒಂದು ಘಂಟೆಗೆ ನಿಲ್ಲುವುದು, ಎರಡು ಘಂಟೆಗೆ ಕುಡಿಯುವುದು, ಮೂರು ಘಂಟೆಗೆ ಮಾಸು ಬೀಳುವುದು: ಈ ಲೆಕ್ಕ ತಪ್ಪಿದರೆ ವೈದ್ಯರನ್ನು ಕರೆಸಬೇಕು.

(2) ಕಾಲು ಹೇಗಿದ್ದರೂ ಮೊದಲು ಗಿಣ್ಣುಹಾಲನ್ನು ಕುಡಿಸಬೇಕು. ಒಂದು ದಿನದೊಳಗೆ ರಕ್ತಪರೀಕ್ಷೆ ಮಾಡಿಸಬೇಕು.

(3) ದೋಷದ ಬಗೆಯನ್ನು ವೈದ್ಯರು ನಿರ್ಣಯಿಸುವವರೆಗೆ ಕಟ್ಟು ಕಟ್ಟಕೂಡದು. ಮರಿಯನ್ನು ಓಡಾಡಿಸಲೂ ಕೂಡದು.

(4) ಕಟ್ಟು ಕಟ್ಟಿದ ಮೇಲೆ ಪ್ರತಿದಿನವೂ ಬಿಚ್ಚಿ ನೋಡಬೇಕು; ಔಷಧವನ್ನು ಮರಿಯ ತೂಕವನ್ನರಿತೇ ಕೊಡಿಸಬೇಕು.

(5) ಊದಿದ ಕೀಲನ್ನು ಪೆಟ್ಟೆಂದು ಭಾವಿಸಿ ಒಂದು ದಿನವನ್ನೂ ಕಳೆಯಕೂಡದು.

(6) ಗೊರಸಿನ ಮೇಲಣ ಕೀಲಿನ ಸೊಟ್ಟನ್ನು ಎರಡು ತಿಂಗಳೊಳಗೆ ತಿದ್ದಿಸಬೇಕು.

ಹುಟ್ಟಿದ ದಿನ ಡೊಂಕಾಗಿ ಕಂಡ ಕಾಲುಗಳಲ್ಲಿ ಬಹುಪಾಲು, ಕಾಲವರಿತು ನಡೆದುಕೊಂಡರೆ ನೆಟ್ಟಗಾಗತಕ್ಕವೇ. ಮರಿಯು ಹುಟ್ಟುವ ಮುಂಚೆಯೇ ವೈದ್ಯರ ವಿಳಾಸವನ್ನೂ, ಶುಚಿಯಾದ ಶೀಸೆಯನ್ನೂ, ತಕ್ಕಡಿಯನ್ನೂ, ಘಂಟೆಗಳನ್ನು ಬರೆದಿಡುವುದಕ್ಕೆ ಒಂದು ಚೀಟಿಯನ್ನೂ ಲಾಯದ ಗೋಡೆಯ ಬಳಿ ಸಿದ್ಧವಾಗಿಟ್ಟುಕೊಂಡಿರುವ ಯಜಮಾನನು ಎಳೆಮರಿಗೆ ಸರಿಯಾದ ಸ್ವಾಗತವನ್ನು ಏರ್ಪಡಿಸಿದಂತೆಯೇ ಸರಿ.